ದೇವರಕಾಡಿನ ಮುಳ್ಳುತಂತಿ

‘ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ’ ಎಂಬ ಗಾದೆಯನ್ನು ನಾನು ಬುದ್ಧಿ ತಿಳಿದಾಗಿನಿಂದ ಕೇಳಿದ್ದೆ. ನೀರೇ ಊರಿಗೆ ಬರುತ್ತದೆ ಎಂಬುದನ್ನು ಮಾತ್ರ ನನಗೆ ಯಾರೂ ಹೇಳಿರಲಿಲ್ಲ.

ನಾನು ಹಾಸನದ ಕಡೆಯ ಬಯಲಿನಲ್ಲಿ ಹುಟ್ಟಿದವಳು. ಮದುವೆಯಾಗಿ ಬಂದದ್ದು ಕುಶಾಲನಗರದಿಂದ ಶಿರಂಗಾಲಕ್ಕೆ ಹೋಗುವ ದಾರಿಯಲ್ಲಿ ಕಾವೇರಿಯ ದಡದ ಮೇಲಿದ್ದ ಒಂದು ಸಣ್ಣ ಊರಿಗೆ. ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಊರಿನವರೆಲ್ಲ ನಮ್ಮ ಕಡೆಯಿಂದಲೇ ಒಂದೆರಡು ತಲೆಮಾರಿನ ಹಿಂದೆ ಬಂದು ಗದ್ದೆ ಮಾಡಿಕೊಂಡವರು. ಅಲ್ಲಿನ ಪ್ರೈಮರಿ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಶಾಲೆ ಎಂದರೆ ಪಂಚಾಯ್ತಿ ಛೇರ್ಮನ್ನರ ಮನೆಯ ಒಂದು ಹಳೆಯ ಕೊಟ್ಟಿಗೆ. ಒಂದು ಮೂಲೆಯಲ್ಲಿ ನಾನು ಕಾಗುಣಿತ ಹೇಳಿಕೊಡುತ್ತಿದ್ದರೆ ಗೋಡೆಯಾಚೆ ಎಮ್ಮೆ ಮೆಲುಕು ಹಾಕುತ್ತಿತ್ತು. ಎಮ್ಮೆಗೆ ಕಾಗುಣಿತ ಬಂದರೂ ಬಂದೀತು, ಕೆಲವು ಮಕ್ಕಳಿಗೆ ಬರುವುದಿಲ್ಲ ಎಂದು ನಾನು ರೇಗುತ್ತಿದ್ದೆ.

ಮೊದಲ ಮಳೆಗಾಲದಲ್ಲೇ ಒಂದು ಬೆಳಿಗ್ಗೆ ಹೊಳೆಯ ಮೆಟ್ಟಿಲ ಮೇಲೆ ಕೂತು ಬಟ್ಟೆ ಒಗೆಯುತ್ತಿದ್ದೆ. ಒಳ್ಳೆಯ ಬಿಸಿಲಿತ್ತು. ಮಳೆಗಾಲದಲ್ಲಿ ಸೀರೆ ಒಣಗುವ ದಿನ ಸಿಕ್ಕಿತಲ್ಲ ಎಂಬ ಖುಷಿ ನನಗೆ. ಒಣಗಿದ್ದ ಮೆಟ್ಟಿಲು ಒದ್ದೆಯಾಯಿತು, ಪಾದ ಮುಳುಗಿತು, ಸೋಪಿನ ಡಬ್ಬಿ ತೇಲಿಹೋಯಿತು. ದಡದ ಮೇಲಿನಿಂದ ಛೇರ್ಮನ್ನರು ಕೂಗಿದರು.

“ಮೇಲಕ್ ಬನ್ನಿ ಟೀಚರಮ್ಮ! ಆಕಾಶ ಏನ್ ನೋಡೀರಿ, ನೀರ್ ನೋಡಿ! ನಿನ್ನೆ ಭಾಗಮಂಡಲದಲ್ಲಿ ಹುಯ್ದಿದ್ದು ಇವತ್ತು ಇಲ್ಲಿಗೆ ಬತ್ತದೆ!”

ಈ ದಡದ ಊರಿನಲ್ಲಿ ಮಳೆ ಕಡಿಮೆ. ಹೊಳೆ ಹೊತ್ತು ತರುವುದು ಪಡುವಣ ಬೆಟ್ಟಗಳಲ್ಲಿ ಸುರಿದ ಮಳೆಯನ್ನು. ಆಕಾಶ ನೋಡಿ ಬದುಕುವುದನ್ನು ಕಲಿತ ಬಯಲುಸೀಮೆಯವಳಿಗೆ ಇದು ಅರಗಲಿಲ್ಲ. ನೆತ್ತಿಯ ಮೇಲೆ ಬಿಸಿಲು, ಕಾಲ ಕೆಳಗೆ ಏರುತ್ತಿರುವ ಕೆಂಪು ನೀರು. ಅವತ್ತಿನಿಂದ ಮಳೆಗಾಲದ ಬಿಸಿಲು ಕಂಡರೆ ನನಗೆ ಹೆದರಿಕೆ.

ಹೊಳೆ ತುಂಬಿದಾಗ ಊರಿನ ಮುತ್ತೈದೆಯರು ನೀರಿನ ಅಂಚಿಗೆ ಹೋಗಿ ಬಾಗಿನ ಬಿಡುತ್ತಿದ್ದರು. ನಾನು ಬಂದ ವರ್ಷ ಮೊರ ಹಿಡಿದು ಮೆಟ್ಟಿಲು ಇಳಿದು ಹೋಗಿದ್ದೆವು. ಕೆಲವು ವರ್ಷ ಕಳೆಯುವಷ್ಟರಲ್ಲಿ ಮೆಟ್ಟಿಲ ಮೇಲಿನ ಅತ್ತಿಮರದ ಬುಡದಲ್ಲೇ ಬಿಡುವ ಹಾಗಾಯಿತು. ಆಮೇಲೆ ಅಷ್ಟು ದೂರವೂ ಹೋಗಬೇಕಾಗಲಿಲ್ಲ, ಗಾಡಿದಾರಿಗೇ ನೀರು ಬಂತು. “ಕಾವೇರಮ್ಮ ನಮ್ಮನ್ನ ಹುಡುಕ್ಕೊಂಡು ಬತ್ತಾವ್ಳೆ ಕಣೇ” ಎಂದು ಹಿರಿಯ ಹೆಂಗಸರು ಕಣ್ಣಲ್ಲಿ ನೀರು ತಂದುಕೊಂಡು ಕೈಮುಗಿದರು. ಅವರಿಗೆ ಅದು ಭಾಗ್ಯ. ನಾನು ಮೊರ ಬಿಟ್ಟವಳೇ ನೀರಿಗೆ ಬೆನ್ನು ಹಾಕದೆ ಹಿಂದಕ್ಕೆ ಸರಿದೆ.

ಅದೇ ಕಾಲದಲ್ಲಿ ನಮ್ಮೂರಿಗೆ ಪ್ಲಾನು ಬಂತು. ತಾಲ್ಲೂಕಿನ ಬ್ಲಾಕ್ ಆಫೀಸಿನವರು ಊರಿಗೊಂದು ಯೋಜನೆ ಕೇಳಿದ್ದರು. ಛೇರ್ಮನ್ನರು ಅದಕ್ಕಾಗಿಯೇ ಹುಟ್ಟಿದವರಂತೆ ಎದ್ದುನಿಂತರು. ಐವತ್ತು ದಾಟಿದ, ದಪ್ಪ ಮೀಸೆಯ, ಸದಾ ನಗುವ ಮನುಷ್ಯ. ಓದಿದ್ದು ಮೂರನೆಯ ಕ್ಲಾಸು. ನಮ್ಮೂರಿನ ಮಕ್ಕಳು ಎಮ್ಮೆಯ ಜೊತೆ ಓದಬಾರದು ಎಂಬುದು ಅವರ ಹಟ. ಹೊಸ ಶಾಲೆ, ಪಕ್ಕದಲ್ಲಿ ಪಂಚಾಯ್ತಿ ಆಫೀಸು, ಅದರ ಹಿಂದೆ ನೇರವಾದ ಬೀದಿಗಳು, ಬೀದಿಗೊಂದು ಬಾವಿ. ಇದನ್ನೆಲ್ಲ ಅವರು ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ತೋರಿಸುವಾಗ ಆ ಬೀದಿಗಳಲ್ಲಿ ಆಗಲೇ ನಡೆದಾಡುತ್ತಿರುವಂತೆ ಕಾಣುತ್ತಿದ್ದರು. ಅವರನ್ನು ಕಂಡರೆ ನನಗೆ ತುಂಬ ಇಷ್ಟ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬೈಯುವುದಿದೆ.

ಅಳತೆಗೆ ಬಂದ ಓವರ್ಸಿಯರು ಮಂಗಳೂರಿನ ಕಡೆಯವರು, ಕಡಲ ದಂಡೆಯ ಊರಿನವರು. ಸಂಜೆ ನಮ್ಮ ಜಗಲಿಯಲ್ಲಿ ಕಾಫಿ ಕುಡಿಯುತ್ತ ಅವರು ತಮ್ಮೂರಿನ ಮಾತು ತೆಗೆದರು. ಅಲ್ಲಿ ಕಡಲು ಪ್ರತಿ ಮಳೆಗಾಲದಲ್ಲೂ ಒಂದಷ್ಟು ದಂಡೆ ಕೊರೆದುಕೊಂಡು ಹೋಗುತ್ತದಂತೆ. ಅವರ ಅಜ್ಜನ ಮನೆ ಇದ್ದ ಜಾಗದಲ್ಲಿ ಈಗ ದೋಣಿ ಹೋಗುತ್ತದಂತೆ.

“ನೀರು ಒಂದು ಸಲ ಬಂದು ನೋಡಿದ ಜಾಗವನ್ನು ಮರೆಯುವುದಿಲ್ಲ ಟೀಚರೇ” ಎಂದರು. “ನಿಮ್ಮ ಹೊಳೆಯೂ ಹಾಗೆಯೇ ಉಂಟು. ಮೇಲೆ ಕಾಡು ಕಡಿದು ಕಾಫಿ ಹಾಕ್ತಾ ಇದ್ದಾರೆ. ಮಣ್ಣೆಲ್ಲ ಬಂದು ಹೊಳೆಯ ಹೊಟ್ಟೆ ತುಂಬ್ತಾ ಉಂಟು. ನೀರು ಇನ್ನು ಎಲ್ಲಿಗೆ ಹೋಗಬೇಕು?”

ಮಾರನೆಯ ದಿನ ಕೊಟ್ಟಿಗೆಯ ಶಾಲೆಯಲ್ಲೇ ಮೀಟಿಂಗು. ಪ್ಲಾನಿನ ಸಮಿತಿಗೆ ಮಹಿಳಾ ಸದಸ್ಯೆ ಎಂದು ನನ್ನನ್ನೂ ಕೂರಿಸಿದ್ದರು. ಓವರ್ಸಿಯರು ನಕಾಶೆ ಬಿಡಿಸಿ ಬೆರಳಿಟ್ಟು ತೋರಿಸಿದರು. ಊರು ಬೆಳೆಯಲು ಸರ್ಕಾರಿ ಜಾಗ ಇದ್ದದ್ದು ಊರಿನ ಕೆಳಗಿನ ಬಯಲು. ಅದರ ಒಂದು ಬದಿಗೆ ಹೊಳೆ. ಇನ್ನೊಂದು ಬದಿಗೆ, ಬಯಲಿಗೂ ಊರಿನ ಮನೆಗಳಿರುವ ರಸ್ತೆಗೂ ನಡುವೆ, ಬೇಸಿಗೆಯಲ್ಲಿ ಒಣಗಿರುವ ಹಳೆಯ ತೋಡು, ಎಂದರೆ ಹಳ್ಳ. ಮೂರನೆಯ ಬದಿಗೆ ಬಯಲು ಏರುತ್ತ ಹೋಗಿ ಒಂದು ಗುಡ್ಡವಾಗುತ್ತದೆ. ಹೊಳೆ ಉಕ್ಕಿದರೆ ತೋಡಿಗೂ ನೀರು ನುಗ್ಗುತ್ತದೆ, ಬಯಲು ದ್ವೀಪವಾಗುತ್ತದೆ, ಆದ್ದರಿಂದ ಶಾಲೆಯನ್ನಾದರೂ ಗುಡ್ಡದ ಪಕ್ಕೆಗೆ ಹಾಕಿ ಎಂದರು.

ಕೊಟ್ಟಿಗೆಯಲ್ಲಿದ್ದವರೆಲ್ಲ ಛೇರ್ಮನ್ನರ ಕಡೆ ತಿರುಗಿದರು. ಆ ಗುಡ್ಡ ದೇವರಕಾಡು. ಅದರ ಮೇಲಿನ ಊರಿನ ಕೊಡವ ಮನೆತನಗಳು ಕಾಪಾಡಿಕೊಂಡು ಬಂದ ಕಾಡು. ಅಲ್ಲಿ ಮರಕ್ಕೆ ಕತ್ತಿ ತಾಕಿಸುವಂತಿಲ್ಲ. ಒಳಗೆ ದೇವರ ಕಲ್ಲು ಇದೆ, ವರ್ಷಕ್ಕೊಮ್ಮೆ ಹಬ್ಬ. ಹಬ್ಬದ ದಿನ ನಮ್ಮೂರಿನವರೂ ಹೋಗುತ್ತಿದ್ದರು, ಆದರೆ ಕಾಡಿನ ಅಂಚಿನಲ್ಲಿ ನಿಂತು ಕೈಮುಗಿದು ಬರುತ್ತಿದ್ದರು. ಒಳಗೆ ಕಾಲಿಡಬಾರದು ಎಂದು ಇವರಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ. ಹೊರಗಿನಿಂದ ಬಂದವರಿಗೆ ಊರ ದೇವರ ಭಯ ಊರಿನವರಿಗಿಂತ ಹೆಚ್ಚು.

“ಒಂದು ಮೂಲೆ, ಮರ ಇಲ್ಲದ ಕಡೆ” ಎಂದರು ಓವರ್ಸಿಯರು. “ಅವರ ಹತ್ತಿರ ಒಂದು ಮಾತು ಕೇಳಿ ನೋಡಿ ಮಾರಾಯ್ರೆ.”

ಛೇರ್ಮನ್ನರ ಮುಖದಲ್ಲಿ ನಗು ಇರಲಿಲ್ಲ. “ನಾವು ಬಂದೋರು ಸ್ವಾಮಿ. ಅವ್ರು ನೆಲ ಕೊಟ್ರು, ನೀರ್ ಕೊಟ್ರು. ಈಗ ದೇವ್ರ ಜಾಗಾನೂ ಕೊಡಿ ಅಂದ್ರೆ ಏನಂದ್ಕೊಂಡಾರು? ಕೇಳೋದೇ ತಪ್ಪಾಯ್ತದೆ.”

“ದೇವರ ಕೆಲಸ ನೋಡುವ ತಕ್ಕರು ಮೇಲೆಯೇ ಇದ್ದಾರಲ್ಲ, ನಾನೇ ಹೋಗಿ ಕೇಳಿಕೊಂಡು ಬರಲಾ?” ಎಂದೆ.

“ಬ್ಯಾಡ ಟೀಚರಮ್ಮ. ಇದು ನಿಮ್ಗೆ ತಿಳಿಯಲ್ಲ” ಎಂದರು. ಅಷ್ಟು ಖಡಾಖಂಡಿತವಾಗಿ ಅವರು ನನ್ನೊಡನೆ ಯಾವತ್ತೂ ಮಾತಾಡಿರಲಿಲ್ಲ. ಬಾಕಿಯವರೂ ತಲೆಯಾಡಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರೂ ಇಲ್ಲವೆಂದಿರಲಿಲ್ಲ, ಪೂಜಾರಿಯೂ ಇಲ್ಲವೆಂದಿರಲಿಲ್ಲ, ಇವರು ಕೇಳಲೇ ಒಲ್ಲರು. ಓವರ್ಸಿಯರು ಪೆನ್ಸಿಲಿನಿಂದ ಶಾಲೆಯನ್ನು ಗುಡ್ಡದಿಂದ ಕೆಳಗಿಳಿಸಿ ಬಯಲಿನಲ್ಲಿ ಬರೆದರು. ಹೊರಡುವಾಗ ನನ್ನ ಕಡೆ ತಿರುಗಿ, “ಮಕ್ಕಳಿಗೆ ಈಜು ಕಲಿಸಿ” ಎಂದರು. ಅದು ತಮಾಷೆಯಾಗಿರಲಿಲ್ಲ.

ಪಂಚಾಯ್ತಿ ಆಫೀಸಿನ ಜೊತೆಗೇ ಶಾಲೆ ಎದ್ದಿತು. ಕೆಂಪು ಹೆಂಚು, ಹಸಿರು ಕಿಟಕಿ, ಮುಂದೆ ಧ್ವಜದ ಕಂಬ. ಚೆಂದದ ಶಾಲೆ, ಸುಳ್ಳು ಹೇಳಬಾರದು. ಕಿಟಕಿ ತೆರೆದರೆ ಹೊಳೆ. ಮಕ್ಕಳಿಗೆ ನಾನು ಪಾಠ ಹೇಳುತ್ತಿದ್ದದ್ದು ಒಂದು ಕಣ್ಣಿನಲ್ಲಿ, ಇನ್ನೊಂದು ಕಣ್ಣು ಸದಾ ಆ ಕಿಟಕಿಯ ಹೊರಗೆ. ಬೇಸಿಗೆಯಲ್ಲಿ ಹೊಳೆ ಬಂಡೆಗಳ ನಡುವೆ ಸಾಧುವಾಗಿ ಹರಿಯುವುದನ್ನು ನೋಡಿದಾಗಲೂ ನನಗೆ ನಂಬಿಕೆ ಬರುತ್ತಿರಲಿಲ್ಲ.

ಮೊದಲ ಮಳೆಗಾಲ ದಾಟಿತು. ಎರಡನೆಯದರಲ್ಲಿ ನೀರು ಬಂತು. ಪಾಠದ ನಡುವೆ ನೋಡಿದರೆ ಧ್ವಜದ ಕಂಬದ ಬುಡದಲ್ಲಿ ಬುರುಗು ಸುತ್ತುತ್ತಿದೆ. ತೋಡಿನಲ್ಲಿ ಆಗಲೇ ಆಳುದ್ದ ನೀರು, ರಸ್ತೆಯ ಕಡೆಗೆ ಹೋಗುವಂತಿಲ್ಲ. ನಾನು ಎರಡು ಸಲ ಯೋಚಿಸಲಿಲ್ಲ. ದೊಡ್ಡವರ ಕೈಗೆ ಚಿಕ್ಕವರನ್ನು ಕೊಟ್ಟು ಎಲ್ಲರನ್ನೂ ದೇವರಕಾಡಿಗೆ ಹತ್ತಿಸಿದೆ. ಮಕ್ಕಳು ನೀರಿಗಿಂತ ಕಾಡಿಗೇ ಹೆಚ್ಚು ಹೆದರಿ ಅತ್ತರು. ಹಿಂದೆ ಶಾಲೆಯ ಒಂದು ಗೋಡೆ ಕುಸಿಯಿತು. ಸಂಜೆಗೆ ನೀರು ಇಳಿದ ಮೇಲೆ ಕೆಳಗಿಳಿದು ಬಂದೆವು. ಒಂದು ಮಗುವಿಗೂ ತರಚಿದ ಗಾಯಕ್ಕಿಂತ ಹೆಚ್ಚೇನೂ ಆಗಿರಲಿಲ್ಲ.

ಇನ್ನಾದರೂ ಬುದ್ಧಿ ಬಂದೀತು ಎಂದುಕೊಂಡೆ. ಊರಿಗೆ ಬಂದದ್ದು ಬುದ್ಧಿಯಲ್ಲ, ಭಯ. ಮಕ್ಕಳು ಚಪ್ಪಲಿಗಾಲಲ್ಲಿ ದೇವರ ಕಲ್ಲಿನ ಹತ್ತಿರ ಓಡಾಡಿದ್ದವು, ಒಂದೆರಡು ಹೆದರಿಕೆಯಲ್ಲಿ ಅಲ್ಲೇ ಒದ್ದೆ ಮಾಡಿಕೊಂಡಿದ್ದವು. ಆ ವಾರ ಯಾರದೋ ಹಸು ಸತ್ತಿತು. ಅಷ್ಟೇ ಸಾಕಾಯಿತು. ನನಗೆ ಯಾರೂ ಮುಖಕ್ಕೆ ಏನೂ ಅನ್ನಲಿಲ್ಲ, ಆದರೆ ಬಾವಿಕಟ್ಟೆಗೆ ಹೋದರೆ ಮಾತು ನಿಲ್ಲುತ್ತಿತ್ತು. ತಮ್ಮ ಮಕ್ಕಳನ್ನು ಉಳಿಸಿದವಳ ಮುಂದೆ ಮೌನ! ನನಗೆ ಮೈಯೆಲ್ಲ ಉರಿದುಹೋಯಿತು.

ಊರಿನವರು ಸೇರಿ ತಪ್ಪುಕಾಣಿಕೆ ಕಟ್ಟಿದರು. ತಮ್ಮ ಕಡೆಯ ಪೂಜಾರಿಯನ್ನೇ ಕರೆಸಿ ಕಾಡಿನ ಅಂಚಿನಲ್ಲಿ ದೀಪ ಹಚ್ಚಿದರು. ಆಗಲೂ ಮೇಲಿನ ಊರಿನ ತಕ್ಕರಿಗೆ ಒಂದು ಮಾತು ತಿಳಿಸಲಿಲ್ಲ, ನಾಚಿಕೆ. ಛೇರ್ಮನ್ನರು ದೀಪದ ಮುಂದೆ ಹೆಗಲ ಮೇಲಿನ ಟವಲು ಕೆಳಗಿಟ್ಟು, ಊರಿನ ಪರವಾಗಿ ತಾವೊಬ್ಬರೇ ಆಣೆ ಇಟ್ಟರು.

“ಇವತ್ತಿಂದ ಇಲ್ಲಿಗೆ ಬೇಲಿ ಹಾಕಿಸ್ತೀನಿ. ನಾನು ಬದುಕಿರೋಗಂಟ ಆ ಬೇಲಿ ದಾಟಲ್ಲ, ಯಾರನ್ನೂ ದಾಟೋಕೆ ಬಿಡಲ್ಲ.”

ಕಲ್ಲುಕಂಬ ಬಂದವು, ಮುಳ್ಳುತಂತಿ ಬಂತು. ತೋಡಿನ ದಡದಿಂದ ಹೊಳೆಯ ದಡದವರೆಗೆ ಗುಡ್ಡದ ಬುಡಕ್ಕೆ ಬೇಲಿ ಎಳೆದರು. ಶಾಲೆಯ ಗೋಡೆಯನ್ನೂ ಕಟ್ಟಿದರು, ಅದೇ ಪಾಯದ ಮೇಲೆ. ಪ್ಲಾನಿನಲ್ಲಿ ಅದೇ ಜಾಗ ಮಂಜೂರಾಗಿದೆ, ಬದಲಾಯಿಸಿದರೆ ಎಲ್ಲ ಮೊದಲಿಂದ ಆಗಬೇಕು ಎಂದರು ಬ್ಲಾಕ್ ಆಫೀಸಿನವರು. ಒಂದು ಕಡೆ ಹೊಳೆ, ಒಂದು ಕಡೆ ತೋಡು, ಉಳಿದ ಒಂದು ಕಡೆಗೆ ನಾವೇ ಮುಳ್ಳು ಹಾಕಿಕೊಂಡೆವು. ಇಲಿಯೂ ತನ್ನ ಬೋನನ್ನು ತಾನೇ ಕಟ್ಟಿಕೊಳ್ಳುವುದಿಲ್ಲ.

ನಾನು ಛೇರ್ಮನ್ನರ ಹತ್ತಿರ ಹೋದೆ. “ಬೇಲಿ ಇರಲಿ. ಒಂದು ಗೇಟಾದರೂ ಇಡಿಸಿ. ಮುಂದಿನ ಸಲ ನೀರು ಬಂದರೆ ಈ ಮಕ್ಕಳನ್ನು ನಾನು ಎಲ್ಲಿಗೆ ಹೊತ್ತುಕೊಂಡು ಹೋಗಲಿ?”

ಅವರು ಹೆಗಲ ಮೇಲಿನ ಟವಲು ತೆಗೆದು ಕೊಡವಿ ಮತ್ತೆ ಹಾಕಿಕೊಂಡರು. “ಗೇಟ್ ಇಟ್ರೆ ಆಣೆ ಯಾಕೆ ಟೀಚರಮ್ಮ? ಮುಂದಿನ ಸಲ ಬರಲ್ಲ. ತಪ್ಪುಕಾಣಿಕೆ ಕಟ್ಟಿದೀವಲ್ಲ.”

ಆಮೇಲೊಂದು ದಿನ ಮೇಲಿನ ಊರಿನಿಂದ ಒಂದು ಬುಟ್ಟಿ ಕಿತ್ತಳೆ ಬಂತು. ತಕ್ಕರು ಕಳಿಸಿದ್ದು. ಬೇಲಿ ನೋಡಿ, ಕೆಳಗಿನ ಊರಿನವರು ದನ ನುಗ್ಗದ ಹಾಗೆ ಕಾಡಿಗೆ ಕಾವಲು ಮಾಡಿದ್ದಾರೆ ಎಂದು ಅವರಿಗೆ ಸಂತೋಷವಾಗಿತ್ತಂತೆ. ನಮ್ಮ ಛೇರ್ಮನ್ನರು ಆ ಕಿತ್ತಳೆಯನ್ನು ಕಣ್ಣಿಗೊತ್ತಿಕೊಂಡು, ದೇವರು ಆಣೆ ಒಪ್ಪಿಕೊಂಡ ಗುರುತು ಎಂದು ಮನೆಮನೆಗೆ ಹಂಚಿದರು. ನನ್ನ ಪಾಲಿನದನ್ನೂ ತಂದುಕೊಟ್ಟರು. ಒಳ್ಳೆಯ ಸಿಹಿ ಹಣ್ಣು. ನಾನು ಒಂದು ತೊಳೆ ತಿಂದು ಉಳಿದದ್ದನ್ನು ಪಕ್ಕದ ಮನೆಯ ಮಗುವಿಗೆ ಕೊಟ್ಟುಬಿಟ್ಟೆ.

ಮುಂದಿನ ವರ್ಷ ನಾನು ಮುಂಗಾರು ಶುರುವಾದಾಗಿನಿಂದ ನಿದ್ದೆ ಕೆಡಿಸಿಕೊಂಡೆ. ಕುಶಾಲನಗರದಿಂದ ಬರುವ ಬಸ್ಸಿನ ಡ್ರೈವರನ್ನು ನಿಲ್ಲಿಸಿ, ಮಡಿಕೇರಿ ಕಡೆ ಮಳೆ ಹೇಗಿದೆ ಎಂದು ಕೇಳುತ್ತಿದ್ದೆ. ಜೋರಾಗಿದೆ ಎಂದರೆ ಮಾರನೆಯ ದಿನ ಶಾಲೆಗೆ ರಜೆ ಕೊಟ್ಟುಬಿಡುತ್ತಿದ್ದೆ. ಟೀಚರಮ್ಮನಿಗೆ ಬಿಸಿಲು ಬಿದ್ದರೆ ರಜೆ ಎಂದು ಊರವರು ಆಡಿಕೊಂಡರು. ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲು ಆಗುತ್ತದೆಯೇ? ಕೊನೆಗೆ ಮೇಲಧಿಕಾರಿಗಳಿಂದ ನನಗೆ ತಾಕೀತು ಬಂತು, ಸಕಾರಣವಿಲ್ಲದೆ ಶಾಲೆ ಮುಚ್ಚಕೂಡದು ಎಂದು. ಬೇಲಿಯ ಹತ್ತಿರ ಹೋಗಿ ಕೆಳಗಿನ ತಂತಿಯನ್ನು ಎತ್ತಿ ನೋಡಿದೆ. ಬಿಗಿಯಾಗಿತ್ತು. ಒಬ್ಬರು ಬಲವಾಗಿ ಎಳೆದು ಹಿಡಿದರೆ ಒಂದು ಮಗು ನುಸುಳಬಹುದು, ಅಷ್ಟೆ.

ನೀರು ಬಂದದ್ದು ನಾಟಿಯ ದಿನಗಳಲ್ಲಿ. ಎರಡು ದಿನದಿಂದ ಬಸ್ಸು ಬಂದಿರಲಿಲ್ಲ, ಮಡಿಕೇರಿ ಕಡೆಯ ಮಳೆಯ ಸುದ್ದಿ ತಿಳಿಯುವಂತಿರಲಿಲ್ಲ. ಊರಿನ ದೊಡ್ಡವರೆಲ್ಲ ರಸ್ತೆಯಾಚೆ, ಕೆರೆಯ ಕೆಳಗಿನ ಗದ್ದೆಗಳಲ್ಲಿದ್ದರು. ಶಾಲೆಯಲ್ಲಿ ನಾನು ಮತ್ತು ಮಕ್ಕಳು, ಪಕ್ಕದ ಪಂಚಾಯ್ತಿ ಆಫೀಸಿನಲ್ಲಿ ಛೇರ್ಮನ್ನರು ಒಬ್ಬರೇ. ಬೆಳಿಗ್ಗೆಯಿಂದ ಹೊಳೆಯ ಸದ್ದು ಬೇರೆ ಥರ ಇತ್ತು. ಬಿದಿರ ಮೆಳೆಗಳು, ಎಸ್ಟೇಟಿನ ಕೂಲಿಯವರ ಲೈನುಮನೆಗಳ ಹುಲ್ಲುಮಾಡು, ಸತ್ತ ಕರು, ಎಲ್ಲ ತೇಲಿ ಬರತೊಡಗಿದವು. ಎದ್ದು ಮಕ್ಕಳನ್ನು ಹೊರಗೆ ಕರೆಯುವಷ್ಟರಲ್ಲಿ ತೋಡು ತುಂಬಿ ಹರಿಯುತ್ತಿತ್ತು. ಹೋದ ಸಲದಂತಿರಲಿಲ್ಲ, ನೀರು ನಡೆದುಕೊಂಡಲ್ಲ, ಓಡಿಕೊಂಡು ಬರುತ್ತಿತ್ತು. ಮೇಲೆ ಆಕಾಶ ತೊಳೆದಿಟ್ಟಂತೆ ನೀಲಿ.

ಮಕ್ಕಳನ್ನು ಬೇಲಿಯ ಬುಡಕ್ಕೆ ಓಡಿಸಿದೆ. ಅಲ್ಲಿ ನಿಂತು ತಂತಿ ಎಳೆದೆ. ಅಂಗೈ ಹರಿಯಿತು, ತಂತಿ ಬೇಕಾದಷ್ಟು ಮೇಲೇಳಲಿಲ್ಲ. ಒಬ್ಬಳು ಹುಡುಗಿ ನುಸುಳಲು ಹೋಗಿ ಲಂಗ ಸಿಕ್ಕಿಸಿಕೊಂಡು ಕಿರುಚಿದಳು. ನೀರು ಮಕ್ಕಳ ಮೊಣಕಾಲಿಗೆ ಬಂದಿತ್ತು. ಆಗ ನನ್ನ ಪಕ್ಕದಲ್ಲಿ ಎರಡು ಕೈ ಬಂದು ತಂತಿಯನ್ನು ಹಿಡಿದವು. ಛೇರ್ಮನ್ನರು. ಟವಲನ್ನು ಕೈಗೆ ಸುತ್ತಿಕೊಂಡು, ಒಂದು ಕಾಲಲ್ಲಿ ಕೆಳಗಿನ ತಂತಿ ತುಳಿದು, ಹೆಗಲಿನಿಂದ ಮೇಲಿನ ತಂತಿಯನ್ನು ಎತ್ತಿ ನಿಂತರು. ಕಂಡಿ ದೊಡ್ಡದಾಯಿತು.

“ದಾಟಿಸಿ! ನೋಡ್ತಾ ನಿಲ್ಲಬ್ಯಾಡಿ, ದಾಟಿಸಿ!”

ಒಬ್ಬೊಬ್ಬರನ್ನೇ ದಾಟಿಸಿದೆವು. ಅವರು ಪ್ರತಿ ಮಗುವಿನ ತಲೆಯನ್ನೂ ಕೈಯಿಂದ ಒತ್ತಿ ತಗ್ಗಿಸಿ, ಮುಳ್ಳು ತಾಗದ ಹಾಗೆ ಒಳಗೆ ಬಿಡುತ್ತಿದ್ದರು. ಕೊನೆಯ ಮಗು ಹೋದ ಮೇಲೆ ನನ್ನನ್ನು ತಳ್ಳಿದರು. ನಾನು ಒಳಗೆ ಬಿದ್ದು, ಎದ್ದು, ಕೈ ಚಾಚಿ, “ಬನ್ನಿ” ಎಂದೆ.

ಅವರು ಹೆಗಲ ಮೇಲಿನ ತಂತಿಯನ್ನು ಮೆಲ್ಲಗೆ ಇಳಿಸಿದರು. ಕಲ್ಲುಕಂಬವನ್ನು ತಬ್ಬಿ ಆಚೆಯೇ ನಿಂತರು. ನೀರು ಅವರ ಸೊಂಟ ದಾಟಿತ್ತು.

“ದಾಟೋಕೆ ಬಿಡಲ್ಲ ಅಂದಿದ್ದೆ, ಅದು ಮುರೀತು” ಎಂದರು. “ದಾಟಲ್ಲ ಅಂದಿದ್ದಾದ್ರೂ ಉಳೀಲಿ ಟೀಚರಮ್ಮ. ಎಲ್ಡೂ ಮುರಿದ್ರೆ ಊರ್ ಉಳಿಯಲ್ಲ.”

ನಾನು ಕೂಗಾಡಿದೆ, ಬೈದೆ, ಸೆರಗು ಎಸೆದೆ. ಅವರು ಸೆರಗನ್ನು ಹಿಡಿಯಲಿಲ್ಲ. “ಮೊದ್ಲು ಮಕ್ಕಳನ್ನ ಮೇಲಕ್ಕೆ ಹತ್ತಿಸಿ, ಕಂಬ ಗಟ್ಟಿ ಅದೆ” ಎಂದರು. ನೀರು ಬೇಲಿಯ ಒಳಕ್ಕೂ ಬರುತ್ತಿತ್ತು, ಚಿಕ್ಕವರು ಬೇರುಗಳ ಮೇಲೆ ಜಾರಿ ಬೀಳುತ್ತಿದ್ದರು. ನಾನು ಇಬ್ಬರನ್ನು ಎತ್ತಿಕೊಂಡು ಮೇಲಕ್ಕೆ ಓಡಿದೆ. ದೇವರ ಕಲ್ಲಿನ ಹತ್ತಿರ ಎಲ್ಲರನ್ನೂ ಕೂರಿಸಿ ತಿರುಗಿ ಬಂದಾಗ ಕಂಬ ಇರಲಿಲ್ಲ. ಬೇಲಿಯ ಆ ತುಂಡೇ ಇರಲಿಲ್ಲ.

ಮಕ್ಕಳ ಅಳು ಕೇಳಿ ತಕ್ಕರೂ ಅವರ ಮನೆಯವರೂ ಗುಡ್ಡದ ಆ ಬದಿಯಿಂದ ಇಳಿದು ಬಂದರು. ಮಕ್ಕಳನ್ನು ತಮ್ಮ ಮನೆತನದ ಹಿರಿಮನೆಯಾದ ಐನ್‌ಮನೆಗೆ ಕರೆದುಕೊಂಡು ಹೋಗಿ ಬಿಸಿ ಗಂಜಿ ಕುಡಿಸಿದರು. ಮಾರನೆಯ ದಿನ ನೀರು ಇಳಿದಾಗ ಛೇರ್ಮನ್ನರು ಕೆಳಗೆ ಬಿದಿರ ಮೆಳೆಯಲ್ಲಿ ಸಿಕ್ಕಿದರು. ತಂತಿ ಅವರ ತೋಳಿಗೆ ಸುತ್ತಿಕೊಂಡಿತ್ತು. ತೋಡು ದಾಟಿ ಬಂದ ಊರಿನವರು ಅವರನ್ನು ಎತ್ತಿ ತಂದು ಗುಡ್ಡದ ಬುಡದಲ್ಲಿ ಮಲಗಿಸಿದರು.

ತಕ್ಕರು ಎಪ್ಪತ್ತರ ಮುದುಕ. ಕೋಲೂರಿಕೊಂಡು ಇಳಿದು ಬಂದು, “ಈಜು ಬಲ್ಲ ಮನುಷ್ಯ, ಬೇಲಿ ದಾಟಿ ಬರೋದಕ್ಕೆ ಎಂತ ಆಯ್ತು?” ಎಂದು ನನ್ನನ್ನು ಕೇಳಿದರು. ನಾನು ಆಣೆಯ ವಿಷಯ ಹೇಳಿದೆ. ದೀಪ, ತಪ್ಪುಕಾಣಿಕೆ, ಬೇಲಿ, ಕಿತ್ತಳೆ ಎಲ್ಲ ಹೇಳಿದೆ. ಹೇಳುತ್ತಾ ಹೋದಂತೆ ಅವರು ಕೋಲು ಬಿಟ್ಟು ನೆಲದ ಮೇಲೆ ಕೂತುಬಿಟ್ಟರು.

“ನಮ್ಮ ಮಕ್ಕಳು ದಿನಾ ಆ ಕಾಡೊಳಗೆ ಆಡ್ತವೆ” ಎಂದರು. “ಮರ ಕಡೀಬಾರದು, ಅಷ್ಟೇ ಕಟ್ಟು. ಶಾಲೆಗೆ ಜಾಗ ಕೇಳಿದ್ರೆ ಕೊಡ್ತಿರ್ಲಿಲ್ವಾ ನಾವು? ಆಣೆ ಬಿಡಿಸೋದಕ್ಕಾದ್ರೂ ಒಂದು ಮಾತು ಹೇಳಿದ್ರೆ, ಒಂದು ತೆಂಗಿನಕಾಯಿ ಒಡೆದು ಬಿಡಿಸ್ತಿದ್ದೆ. ನಾನು ಇಲ್ಲೇ ಮೇಲೆ ಇದ್ದೆನಲ್ಲ.”

ಊರಿನವರು ತಲೆ ತಗ್ಗಿಸಿ ನಿಂತಿದ್ದರು. ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ಛೇರ್ಮನ್ನರ ಪಕ್ಕದಲ್ಲಿ ಕುಕ್ಕರಿಸಿ, ಮೀಸೆಗೆ ಮೆತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸುತ್ತಾ, “ಕೇಳಬಾರದಾಗಿತ್ತೇನ್ರೀ? ಒಂದು ಸಲ ಹೋಗಿ ಕೇಳಬಾರದಾಗಿತ್ತೇನ್ರೀ?” ಎಂದು ಶಾಲೆಯ ಮಕ್ಕಳನ್ನು ಗದರುವ ಹಾಗೆ ಗದರಿದೆ. ಯಾರೂ ನನ್ನನ್ನು ತಡೆಯಲಿಲ್ಲ.